ಸೊನ್ನೆ ಬೆಲೆಯ ಆನೆ

ನಮ್ಮ ಸೋದರಮಾವ ಆನೆ ಮಾರುತ್ತಾರೆ. ನಗಬೇಡಿ, ನನ್ನ ಹತ್ತಿರ ಬಿಲ್ ಇದೆ! ಸಕ್ಕರೆ ಒಂದು ಕೆ.ಜಿ., ಬಟ್ಟೆ ಸೋಪು ಎರಡು, ಆನೆ ಮೂರು. ಸಕ್ಕರೆಗೂ ಸೋಪಿಗೂ ಬೆಲೆ ಇದೆ. ಆನೆಯ ಎದುರಿಗೆ ಮಾತ್ರ ಸೊನ್ನೆ. ಮೂರು ಆನೆಗಳನ್ನು ಪುಕ್ಕಟೆ ಕೊಡುವ ಕಿರಾಣಿ ಅಂಗಡಿ ಈ ಭೂಮಿಯ ಮೇಲೆ ಇನ್ನೊಂದಿದ್ದರೆ ತೋರಿಸಿ, ನೋಡೋಣ!

ಇದನ್ನು ಹೇಳಿ ನಿಮ್ಮನ್ನು ನಗಿಸೋಣವೆಂದೇ ಬರೆಯಲು ಕೂತಿದ್ದೇನೆ. ಆದರೆ ನಡುನಡುವೆ ಒಂದು ಕಿವಿ ಕಣ್ಣೆದುರು ಬರುತ್ತದೆ. ಮೊರದಷ್ಟು ಅಗಲದ, ಬೀಸುತ್ತಾ ಬೀಸುತ್ತಾ ತಟ್ಟನೆ ನಿಂತುಬಿಟ್ಟ ಕಿವಿ. ಅದು ಬಂದಾಗ ಪೆನ್ನು ಕೆಳಗಿಟ್ಟು ನೀರು ಕುಡಿದು ಬರುತ್ತೇನೆ. ನೀವು ಸ್ವಲ್ಪ ಕಾಯಬೇಕು.

ಮಾವನ ಅಂಗಡಿ ಇರುವುದು ಹಾಸನ ಕಡೆಯ ಮಗ್ಗೆ ಊರಿನ ಹತ್ತಿರ, ಮೂರು ದಾರಿ ಕೂಡುವಲ್ಲಿ. ಒಂದು ಟಾರ್ ರಸ್ತೆ, ಒಂದು ಕಾಫಿ ತೋಟದೊಳಗಿನ ದಾರಿ, ಇನ್ನೊಂದು ಕೆರೆ ಏರಿ. ಇವುಗಳಲ್ಲಿ ಯಾವುದಾದರೊಂದರಲ್ಲಿ ಆನೆ ಇರುವುದು ನಮ್ಮ ಕಡೆ ಬಸ್ಸು ತಡವಾಗುವಷ್ಟೇ ಸಾಮಾನ್ಯ. ಹಾಲಿನ ವ್ಯಾನಿನವನು, ಟ್ರ್ಯಾಕ್ಟರಿನವನು, ತೋಟದ ಲೆಕ್ಕ ಬರೆಯುವ ರೈಟರು, ಎಲ್ಲರೂ ಆನೆಯ ಸುದ್ದಿ ತಂದು ಹಾಕುವುದು ಮಾವನ ಮುಂದೆ. ಮಾವ ಅದನ್ನು ಬಾಗಿಲ ಪಕ್ಕದ ಸ್ಲೇಟಿನಲ್ಲಿ ಬರೆಯುತ್ತಿದ್ದರು. “ಯಾವ ದಾರಿ?” ಎಂಬ ಪ್ರಶ್ನೆಗೆ ಉತ್ತರ ಕೊಡದವರಿಗೆ ಅಲ್ಲಿ ಸಾಮಾನಿಲ್ಲ.

ಒಮ್ಮೆ ಕಾರಿನಲ್ಲಿ ಬಂದ ಪ್ರವಾಸಿಯೊಬ್ಬ ನೀರಿನ ಬಾಟಲಿ ಕೇಳಿದ.

“ಯಾವ ದಾರೀಲಿ ಹೋಯ್ತೀರಾ?” ಎಂದರು ಮಾವ.

“ಅದು ನಿಮಗ್ಯಾಕ್ರೀ? ಮೊಬೈಲಲ್ಲಿ ಮ್ಯಾಪ್ ಇದೆ.”

“ಅದ್ರಲ್ಲಿ ಆನೆ ಕಾಣ್ತೈತಾ?”

“ಇಲ್ಲ...”

“ನನ್ ಸ್ಲೇಟ್ನಲ್ಲಿ ಕಾಣ್ತೈತೆ. ಒಂದ್ ಗಂಟೆ ಕೂತ್ಕಳಿ, ಟೀ ಕುಡೀರಿ.”

ಆತ ಕೂತ. ನೀರಿಗೆ ಬಂದವನು ಟೀ, ಬನ್ನು, ಬಾಳೆಹಣ್ಣಿನ ಜೊತೆ ಒಂದು ಛತ್ರಿಯನ್ನೂ ಕೊಂಡು ಹೋದ! ಮಾವನಿಗೆ ವ್ಯಾಪಾರ ಗೊತ್ತಿಲ್ಲ ಎಂದವರು ಯಾರು?

ಅವರ ಇನ್ನೊಂದು ವಿದ್ಯೆ ಎಸೆತ. ಕೂತ ಜಾಗದಿಂದ ಏಳುವುದು ಅವರ ಜಾತಕದಲ್ಲೇ ಇಲ್ಲ. ಸೋಪು, ಬಿಸ್ಕತ್ತು, ಬೆಂಕಿಪೊಟ್ಟಣ, ಎಲ್ಲವೂ ಹಾರಿ ಬಂದು ಸೀದಾ ಗಿರಾಕಿಯ ಚೀಲದೊಳಗೆ ಬೀಳುತ್ತವೆ. ಗುರಿ ತಪ್ಪಿದ್ದನ್ನು ಕಂಡವರಿಲ್ಲ. ಮೊಟ್ಟೆಯನ್ನೂ ಎಸೆಯುತ್ತಾರೆಂದು ಅತ್ತೆ ಹೇಳುತ್ತಾರೆ. ಚೀಲ ಒಡ್ಡಿ ಪರೀಕ್ಷಿಸುವ ಧೈರ್ಯ ನನಗೆ ಬಂದಿಲ್ಲ.

ಇಂಥವರ ಅಂಗಡಿಗೆ ಬಿಲ್ಲಿಂಗ್ ಮೆಷಿನ್ ಹಾಕಿಸಲು ಹೊರಟವಳು ನಾನು. ಹಾಸನದಲ್ಲಿ ಬಿ.ಕಾಂ. ಓದಿದ್ದೇನಲ್ಲ! ಬಾರ್‌ಕೋಡು, ಸ್ಟಾಕು ಎಂದು ದೊಡ್ಡ ಭಾಷಣ ತಯಾರಿಸಿಕೊಂಡು ಹೋದರೆ ಮಾವ ಕೇಳಿದ್ದು ಒಂದೇ ಮಾತು.

“ಅದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೀತೈತಾ?”

“ಬರೆಯುತ್ತೆ ಮಾವ.”

“ಹಂಗಾರೆ ತರ್ಸು.”

ಮಾಡದ ಭಾಷಣಕ್ಕೇ ಇಷ್ಟು ಶಕ್ತಿ ಇರುವಾಗ ಮಾಡಿದ್ದರೆ ಏನಾಗುತ್ತಿತ್ತೋ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೆಷಿನ್ ಬಂತು. ಮೊದಲು ನಿಂತುಹೋದದ್ದು ಎಸೆತ. ಪ್ರತಿಯೊಂದು ಸಾಮಾನನ್ನೂ ಆ ಕೆಂಪು ಬೆಳಕಿಗೆ ಹಿಡಿಯಬೇಕಲ್ಲ? “ಸೋಪಿನ ಹೊಟ್ಟೆ ತೋರ್ಸು, ಬಿಸ್ಕತ್ತಿನ ಬೆನ್ನು ತೋರ್ಸು... ಇದೇನ್ ಅಂಗ್ಡಿನೋ ಆಸ್ಪತ್ರೆನೋ?” ಎಂದು ಗೊಣಗಿದರು. ಗೊಣಗುತ್ತಲೇ, ಯಾರಿಗೂ ಹೇಳದೆ, ಸಾಮಾನಿನ ಪಟ್ಟಿಗೆ ಮೂರು ಹೊಸ ಐಟಂ ಸೇರಿಸಿದರು. ‘ಆನೆ, ಟಾರ್ ರಸ್ತೆ.’ ‘ಆನೆ, ತೋಟದ ದಾರಿ.’ ‘ಆನೆ, ಕೆರೆ ಏರಿ.’ ಯಾವ ದಾರಿಯಲ್ಲಿ ಎಷ್ಟಿವೆಯೋ ಅಷ್ಟು ಆನೆ ಎಲ್ಲರ ಬಿಲ್ಲಿನಲ್ಲೂ!

ಎರಡನೇ ದಿನ ಮೆಷಿನ್ ಕೂರಿಸಿದವರ ಫೋನ್ ಬಂತು. “ಸಾರ್, ಈ ಆನೆ ಅನ್ನೋದು ಗೊಂಬೆನಾ?”

“ಜೀವ ಇರೋ ಆನೆ ಕಣಪ್ಪ.”

“ಟ್ಯಾಕ್ಸ್ ಎಷ್ಟು ಹಾಕ್ಲಿ?”

“ಅದುನ್ನ ಆನೆನೇ ಕೇಳ್ಬೇಕು.”

ಮರುದಿನ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ‘ಆನೆ ಸ್ಟಾಕ್ ಮುಗಿದಿದೆ. ಆರ್ಡರ್ ಮಾಡಿ.’ ಮಾವ ಮೆಷಿನ್ನಿಗೆ ಎರಡೂ ಕೈ ಮುಗಿದರು. “ಬ್ಯಾಡ ಮಾರಾಯ! ಬಂದಿರೋವೇ ಸಾಕಾಗೈತೆ!”

ಇಲ್ಲಿಯವರೆಗೆ ನಗಬಹುದಾಗಿತ್ತು.

ಆ ವಾರದ ಕೊನೆಯ ಮಧ್ಯಾಹ್ನ ಮಾವ ಮೆಷಿನ್ನಿನಲ್ಲಿ ಒಂದೇ ಬೆರಳಿನಿಂದ ಏನನ್ನೋ ಕುಟ್ಟಿ, ಸ್ಲೇಟಿನಲ್ಲೂ ಗೀಚಿ, ನನ್ನನ್ನು ಕೂರಿಸಿ ಊಟಕ್ಕೆ ಹೋದರು. ಅಷ್ಟರಲ್ಲಿ ಮೆಷಿನ್ ಕೂರಿಸಿದವರ ಫೋನ್ ಮತ್ತೆ: ಬೆಲೆಯಿಲ್ಲದ ಐಟಂಗಳನ್ನು ತೆಗೆದುಬಿಡಿ ಮೇಡಂ, ಲೆಕ್ಕಕ್ಕೆ ತೊಂದರೆ. ಅಂಗಡಿಯಲ್ಲಿ ಇಲ್ಲದ ವಸ್ತು ಬಿಲ್ಲಿನಲ್ಲೇಕೆ ಎಂದು ನನಗೂ ಅನ್ನಿಸಿತು. ಮೂರು ಸಲ ಒತ್ತಿದೆ. ಮೂರು ದಾರಿಯ ಆನೆಗಳೂ ಮಾಯ! ಅದೇ ಹುಮ್ಮಸ್ಸಿನಲ್ಲಿ ಸ್ಲೇಟನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ‘ಇಲ್ಲಿ ಮೊಬೈಲಿನಲ್ಲೂ ಹಣ ಕೊಡಬಹುದು’ ಎಂದು ದುಂಡಗೆ ಬರೆದೆ. ಮೊದಲು ಅಲ್ಲಿ ಏನಿತ್ತೆಂದು ಓದಲೂ ಇಲ್ಲ.

ನೀರು ಕುಡಿದು ಬಂದೆ.

ಆಗ ಬಂದವರು ಶಾರದಮ್ಮ ಟೀಚರ್. ಅಂಗನವಾಡಿಯಿಂದ ನಿವೃತ್ತರಾದವರು. ಅವರಿಗೆ ಕಿವಿ ಏನೇನೂ ಕೇಳಿಸುವುದಿಲ್ಲ. ಅವರ ಮಾತು ಮಾತ್ರ ಪಕ್ಕದ ಎಸ್ಟೇಟಿಗೂ ಕೇಳಿಸುತ್ತದೆ. ಕೈಗೆ ಸಿಕ್ಕ ಕಾಗದವನ್ನೆಲ್ಲ ಓದುವ ಅಭ್ಯಾಸ.

“ಏನವ್ವಾ, ಮಾವನ ಸೀಟು ಹಿಡ್ಕಬುಟ್ಯಾ!” ಎಂದು ಕೂಗಿ ಬ್ರೆಡ್ಡು, ಕೊಬ್ಬರಿ ಎಣ್ಣೆ ತೆಗೆದುಕೊಂಡರು. ಹತ್ತೇ ಸೆಕೆಂಡಿನಲ್ಲಿ ಬಿಲ್ ಕೊಟ್ಟೆ. ಅದನ್ನು ಮೇಲಿನಿಂದ ಕೆಳಗೆ ಓದಿದರು. ಸ್ಲೇಟಿನ ಕಡೆಯೂ ನೋಡಿದರು. ತಲೆಯಾಡಿಸಿ, ಛತ್ರಿ ಬಿಚ್ಚಿ ಹೊರಟರು. ರೇಟು ಸರಿನೋಡುತ್ತಿದ್ದಾರೆ ಎಂದುಕೊಂಡೆ!

ಹಿಂದೆಯೇ ಮಾವ ಬಂದರು. ಕೈಯಲ್ಲಿ ಮನೆಯಿಂದ ತಂದ ಹೊಸ ಬಿಲ್ ರೋಲು. ಸ್ಲೇಟು ನೋಡಿದರು, ಪರದೆ ನೋಡಿದರು.

“ಟೀಚರಮ್ಮ ಬಂದಿದ್ರಾ?”

“ಈಗಷ್ಟೇ ಹೋದರು ಮಾವ.”

“ಯಾವ ದಾರಿ?”

ನಾನು ಕೇಳದೇ ಬಿಟ್ಟ ಪ್ರಶ್ನೆ. “ಕೆರೆ ಕಡೆ ತಿರುಗಿದ ಹಾಗಿತ್ತು...”

“ಏರಿ ಮಗ್ಗುಲಲ್ಲೇ ಒಂದು ನಿಂತೈತೆ ಕಣವ್ವಾ.”

ಕೂತಲ್ಲಿಂದ ಏಳದ ಮನುಷ್ಯ ಓಡಿದರು. ಪಂಚೆ ಎತ್ತಿ, ಚಪ್ಪಲಿ ಬಿಟ್ಟು, ರೋಲು ಹಿಡಿದುಕೊಂಡೇ ಓಡಿದರು. ನಾನು ಹಿಂದೆ.

ಏರಿಯ ಮೇಲೆ ಮೂವತ್ತು ಹೆಜ್ಜೆ ಮುಂದೆ ಟೀಚರ ಛತ್ರಿ. ಅದರಾಚೆ ಬಿದಿರು ಮೆಳೆಯ ಪಕ್ಕ ಒಂದು ಮಣ್ಣುಬಣ್ಣದ ಬಂಡೆ. ಬಂಡೆಗೆ ಕಿವಿ ಇತ್ತು. ಟೀಚರು ಅದರತ್ತಲೇ, ಕಾಲ ಕೆಳಗಿನ ದಾರಿ ನೋಡುತ್ತಾ ನಡೆಯುತ್ತಿದ್ದರು. ನಾನು ಕೂಗಲು ಬಾಯಿ ತೆರೆದೆ. ಮಾವನ ಕೈ ಬಾಯಿ ಮುಚ್ಚಿತು.

“ಕೂಗಿದ್ರೆ ಅದುಕ್ಕೊಂದೇ ಕೇಳೋದು.”

ಆಮೇಲೆ ಅವರು ಎಸೆದರು.

ಬಿಲ್ ರೋಲು ಬಿಳಿ ಬಾಲ ಬಿಚ್ಚಿಕೊಳ್ಳುತ್ತಾ ಹಾರಿ, ಛತ್ರಿಯ ಮೇಲಿಂದ ದಾಟಿ, ಸರಿಯಾಗಿ ಟೀಚರ ಕಾಲ ಮುಂದೆ ಬಿತ್ತು. ಆಗಲೇ ಆ ಕಿವಿ ನಿಂತದ್ದು. ಟೀಚರು ಬಗ್ಗಿದರು. ಕಾಗದ ಎತ್ತಿಕೊಂಡರು. ಮತ್ತೆ, ದೇವರೇ, ಓದತೊಡಗಿದರು! ಇಪ್ಪತ್ತು ಹೆಜ್ಜೆಯಲ್ಲಿ ಆನೆ ನಿಂತಿದೆ, ಇವರು ಖಾಲಿ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ಓದುತ್ತಿದ್ದಾರೆ!

ಕೊನೆಗೆ ತಿರುಗಿದರು. ಮಾವ ಒಂದು ತೋಳನ್ನು ಮುಖದ ಮುಂದೆ ಸೊಂಡಿಲಿನಂತೆ ಇಳಿಬಿಟ್ಟು ಒಮ್ಮೆ ಆಡಿಸಿದರು. ಇನ್ನೊಂದು ಕೈಯಲ್ಲಿ ಮೆಲ್ಲಗೆ ಕರೆದರು. ಟೀಚರು ಹಿಂದೆ ನೋಡಲಿಲ್ಲ. ಒಂದೊಂದೇ ಹೆಜ್ಜೆ. ಬಿದಿರು ‘ಚಟ್’ ಎಂದು ಮುರಿಯಿತು; ನಾನು ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡೆ. ತಲೆ ಎತ್ತಿದಾಗ ಕಿವಿ ಮತ್ತೆ ಬೀಸುತ್ತಿತ್ತು. ಆನೆ ಬಿದಿರು ತಿನ್ನುತ್ತಿತ್ತು.

ಅಂಗಡಿಗೆ ಬಂದ ಮೇಲೆ ಟೀಚರು ಕಾಗದ ಆಡಿಸಿ ಮಾವನನ್ನು ಗದರಿದರು. “ಎಂಥ ಬಿಲ್ಲಯ್ಯ ಇದು! ಎಲ್ಡ್ ಕಡೆನೂ ಖಾಲಿ!” ಹೇಳಿ ಮುಗಿಸಿದವರೇ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು. ಮಡಚಿದ ಛತ್ರಿ ನೆಲಕ್ಕೆ ತಾಗಿ ಟಕಟಕ ಎನ್ನುತ್ತಿತ್ತು.

ಮಾವ ಮೆಷಿನ್ನಿನ ಮುಂದೆ ಕೂತರು. ಒಂದೇ ಬೆರಳಿನಲ್ಲಿ ಆನೆಗಳನ್ನು ಮತ್ತೆ ಪಟ್ಟಿಗೆ ಸೇರಿಸುತ್ತಿದ್ದರು.

“ದಪ್ಪ ಅಕ್ಷರ ಬೇಕು ಅಂದದ್ದು ಟೀಚರಿಗೋಸ್ಕರವಾ ಮಾವ?”

“ಸ್ಲೇಟು ಇಲ್ಲೇ ಇರ್ತೈತೆ ಕಣವ್ವಾ. ಬಿಲ್ಲು ಜೊತೇಲೇ ಹೋಯ್ತೈತೆ. ಅರ್ಧ ದಾರೀಲಿ ಮರ್ತ್ರೂ ತೆಗ್ದು ಓದ್ಕಬೌದು.”

ಸಂಜೆ ಹಾಸನದ ಬಸ್ಸಿಗೆ ಹೊರಟೆ. ನಿಲ್ದಾಣ ಟಾರ್ ರಸ್ತೆಯಲ್ಲೇ, ಕೂಗಳತೆಯ ದೂರ, ಅಂಗಡಿಯಿಂದಲೇ ಕಾಣುತ್ತದೆ. ಆದರೂ ಕೇಳಿದರು: “ಯಾವ ದಾರಿ?” ಹೇಳಿದೆ. ಮೆಷಿನ್ ಕಿರ್ರೆಂದಿತು. ಏನೂ ಕೊಳ್ಳದವರಿಗೆ ಅದು ಬಿಲ್ ಕೊಡುವುದಿಲ್ಲ. ಅದಕ್ಕೇ ಒಂದು ಕಡಲೆ ಮಿಠಾಯಿ ಸೇರಿಸಿದ್ದರು. ಕಡಲೆ ಮಿಠಾಯಿ, ಒಂದು. ಆನೆ, ಟಾರ್ ರಸ್ತೆ, ಸೊನ್ನೆ.

ಎಂದಿನಂತೆ ಚೀಲದ ಬಾಯಿ ಅಗಲಿಸಿ ಹಿಡಿದೆ. ಮಾವ ಎಸೆಯಲಿಲ್ಲ. ಎದ್ದು, ಕೌಂಟರು ಬಳಸಿ ಬಂದು, ಮಿಠಾಯಿಯನ್ನೂ ಬಿಲ್ಲನ್ನೂ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.