ಕ್ಯಾಂಟೀನಿನ ನೆಲಮಾಳಿಗೆ ಮತ್ತು ನಮ್ಮ ಮಾವನವರು

ನಾನು ನಕಲು ಮಾಡಿ ಬದುಕಿದವನು. ಪರೀಕ್ಷೆಯಲ್ಲಲ್ಲ, ಅಲ್ಲಿ ನಕಲು ಮಾಡಲು ಬೇಕಾದ ಧೈರ್ಯ ನನಗೆಂದೂ ಇರಲಿಲ್ಲ. ನಾನು ನಕಲು ಮಾಡಿದ್ದೆಲ್ಲ ಆಫೀಸಿನಲ್ಲಿ, ಹಾಡಹಗಲು, ಫ್ಯಾನಿನ ಕೆಳಗೆ ಕೂತು. ಹೈದರಾಬಾದಿನ ನಗರಾಡಳಿತದಲ್ಲಿ ಹಲವು ವಾರ್ಡುಗಳನ್ನು ನೋಡಿಕೊಳ್ಳುವ ಒಂದು ಸರ್ಕಲ್ ಕಚೇರಿಯಲ್ಲಿ ನಾನು ಸೀನಿಯರ್ ಅಸಿಸ್ಟೆಂಟ್. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಸ್ವಂತವಾಗಿ ಒಂದು ಸಾಲನ್ನೂ ಬರೆದವನಲ್ಲ. ಹೋದ ವರ್ಷದ ಫೈಲು ತೆಗೆ, ವರ್ಷ ಬದಲಿಸು, ಸಹಿಗೆ ಇಡು. ಮಳೆಗಾಲದ ಸಿದ್ಧತೆ, ಸೊಳ್ಳೆ ನಿರ್ಮೂಲನ, ಗಣೇಶ ವಿಸರ್ಜನೆ, ಎಲ್ಲಕ್ಕೂ ಇದೇ ಮದ್ದು. ಮೇಲಧಿಕಾರಿಗಳೂ ಹೋದ ವರ್ಷ ಒಪ್ಪಿದ್ದನ್ನು ಈ ವರ್ಷ ಒಪ್ಪದಿರಲು ಕಾರಣ ಹುಡುಕುವ ಗೋಜಿಗೆ ಹೋಗುತ್ತಿರಲಿಲ್ಲ. ಹೀಗೆ ಎಲ್ಲರೂ ಸುಖವಾಗಿದ್ದೆವು.

ಆ ಫೈಲುಗಳಲ್ಲೊಂದು 'ಯುದ್ಧಕಾಲದ ನಾಗರಿಕ ರಕ್ಷಣಾ ಯೋಜನೆ, ಸನತ್‌ನಗರ ವಾರ್ಡು'. ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ಯಾರೋ ಪುಣ್ಯಾತ್ಮರು ಟೈಪು ಮಾಡಿದ್ದು. ಅದನ್ನು ನನ್ನ ಹಿಂದಿನವರು ನಕಲು ಮಾಡಿದರು, ಅವರ ನಕಲನ್ನು ನಾನು ಮಾಡಿದೆ. ನಡುವೆ ಯಾರೋ ಅದನ್ನು ತೆಲುಗಿಗೆ ತಿರುಗಿಸಿದ್ದೇ ಅದರ ಬಾಳಿನಲ್ಲಾದ ದೊಡ್ಡ ಬದಲಾವಣೆ. ಗಾಯಾಳುಗಳನ್ನು ಸಾಗಿಸಲು ಟಾಂಗಾ ಎರಡು ಎಂದು ಅದರಲ್ಲಿ ಈಗಲೂ ಇತ್ತು. ಮರಳು ತುಂಬಿದ ಕೆಂಪು ಬಕೆಟ್ಟು ನಲವತ್ತು. ಸ್ವಯಂಸೇವಕರು ಹನ್ನೆರಡು ಮಂದಿ, ಎಲ್ಲ ಕಾರ್ಖಾನೆಯವರು. ಜನರು ಆಶ್ರಯ ಪಡೆಯಬೇಕಾದ ಜಾಗ, ಕಾರ್ಖಾನೆಯ ಕ್ಯಾಂಟೀನಿನ ನೆಲಮಾಳಿಗೆ. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿ, ವ್ಯಾಜ್ಯ ಕೋರ್ಟಿನಲ್ಲಿದ್ದು, ಗೇಟಿಗೆ ಜಡಿದ ಬೀಗ ತುಕ್ಕು ಹಿಡಿದು ಹೋಗಿತ್ತು. ನಾನು ದಿನಾ ಅದರ ಮುಂದೆಯೇ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಆದರೆ ದಾರಿಯಲ್ಲಿ ಕಂಡದ್ದನ್ನು ಫೈಲಿಗೆ ಸೇರಿಸುವುದು ನಮ್ಮ ಪದ್ಧತಿಯಲ್ಲ.

ಆ ಬೇಸಿಗೆಯಲ್ಲಿ ಗಡಿಯ ಸುದ್ದಿ ಬಿಗಡಾಯಿಸಿತು. ಮನೆಯ ಟೀವಿ ಬೆಳಗಿನಿಂದ ಸಂಜೆವರೆಗೆ ಅರಚುತ್ತಿತ್ತು. ನೆಂಟರು ಬೀದರಿನಿಂದ ಫೋನು ಮಾಡಿ, ನಿಮ್ಮ ಊರಾಗ ದೊಡ್ಡ ದೊಡ್ಡ ಸರ್ಕಾರಿ ಲ್ಯಾಬು, ಮಿಲಿಟರಿ ಎಲ್ಲಾ ಐತಿ, ಸ್ವಲ್ಪ ಹುಷಾರಿರಿ ಎನ್ನುತ್ತಿದ್ದರು, ಹುಷಾರಾಗಿರುವುದು ಹೇಗೆಂದು ಮಾತ್ರ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಆದೇಶ ಬಂತು: ಬುಧವಾರ ಸಂಜೆ ನಾಲ್ಕಕ್ಕೆ ಸೈರನ್ ಕೂಗಿಸಿ ಮಾಕ್ ಡ್ರಿಲ್ ಮಾಡಬೇಕು, ಪ್ರತಿ ವಾರ್ಡಿನ ಯೋಜನೆ ಸೋಮವಾರದೊಳಗೆ ಮೇಡಮ್ಮಿನ ಟೇಬಲ್ಲಿಗೆ ಬರಬೇಕು. ಮೇಡಂ ಎಂದರೆ ನಮ್ಮ ಹೊಸ ಡೆಪ್ಯುಟಿ ಕಮಿಷನರ್. ಹೊಸಬರಾದ್ದರಿಂದ ಕಾಗದಗಳನ್ನು ಓದುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ನಾನು ಫೈಲು ತೆಗೆದೆ, ವರ್ಷ ಬದಲಿಸಿದೆ, ಕಳಿಸಿದೆ.

ಅದೇ ಸಂಜೆ ಹೆಂಡತಿ ಮಹಾದೇವಿ ರೊಟ್ಟಿ ಬಡಿಯುತ್ತ ಕೇಳಿದಳು: "ಅಲ್ರೀ, ಖರೇನ ಸೈರನ್ ಆದ್ರ ನಾವು ಎಲ್ಲಿಗೆ ಹೋಗೋದು?"

"ಎಲ್ಲಾ ಪ್ಲಾನ್ ಐತಿ," ಎಂದೆ.

"ಪ್ಲಾನ್ ಐತಿ ಖರೆ. ಎಲ್ಲಿಗೆ ಹೋಗೋದು?"

ಮದುವೆಯಾದಾಗಿನಿಂದ ಅವಳ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ನಾನು ಬಚ್ಚಲುಮನೆಯನ್ನು ಆಶ್ರಯಿಸುತ್ತ ಬಂದಿದ್ದೇನೆ. ನನಗೆ ಗೊತ್ತಿದ್ದ ಸುರಕ್ಷಿತ ಜಾಗ ಅದೊಂದೇ. ಅಲ್ಲಿಗೇ ಹೋದೆ.

ಇಲ್ಲಿ ನಮ್ಮ ಮಾವನವರ ವಿಷಯ ಹೇಳಬೇಕು. ಶರಣಪ್ಪನವರು ಹದಿವಯಸ್ಸಿನಲ್ಲಿ ಬೀದರ ಬಿಟ್ಟು ಬಂದು, ಆ ಮುಚ್ಚಿದ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲೇ ಜೀವ ತೇಯ್ದವರು. ನಾವಿರುವ ಮನೆ ಅವರದು. ನಾನು ಮನೆ ಅಳಿಯ. ಹಾಗೆಂದು ಅವರು ಒಂದು ದಿನವೂ ಆಡಿ ತೋರಿಸಿದವರಲ್ಲ, ಅದು ನನಗೆ ಇನ್ನೂ ಕಷ್ಟ. ಎಪ್ಪತ್ತು ದಾಟಿದೆ, ಎದೆಯಲ್ಲಿ ಎರಡು ಸ್ಟೆಂಟು ಕೂತಿವೆ, ಬಿಸಿಲಿಗೆ ಕಾಲಿಡಬೇಡಿ ಎಂದು ಡಾಕ್ಟರು ಗದರಿ ಹೇಳಿದ್ದಾರೆ. ಬಚ್ಚಲಿನಿಂದ ಬಂದು ನೋಡಿದರೆ ಅವರು ಭೂತಗನ್ನಡಿ ಹಿಡಿದು, ನಾನು ಮನೆಗೆ ತಂದಿದ್ದ ಯೋಜನೆಯ ಜೆರಾಕ್ಸನ್ನು ಒಂದೊಂದೇ ಸಾಲು ಓದುತ್ತಿದ್ದರು. ಇಷ್ಟು ವರ್ಷದಲ್ಲಿ ಅದನ್ನು ಪೂರ್ತಿ ಓದಿದ ಮೊದಲ ಮನುಷ್ಯರು ಅವರೇ ಇರಬೇಕು. ಒಂದು ಪುಟದಲ್ಲಿ ತುಂಬಾ ಹೊತ್ತು ನಿಂತರು.

"ಅಳಿಯಂದಿರ, ಈ ಯಾದಿ ನೀವ ಮಾಡಿದ್ದೇನ್ರಿ?"

"ಹೌದ್ರಿ ಮಾಮಾ," ಎಂದೆ. ಸರ್ಕಾರಿ ಅರ್ಥದಲ್ಲಿ ಅದು ಸುಳ್ಳಲ್ಲ.

ಅವರು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡರು. ಮಂಗಳವಾರ ಹಳೆಯ ಶೂ ತೆಗೆದು ಪಾಲಿಶ್ ಹಾಕುತ್ತ ಕೂತಿದ್ದರು. ಬೇಸರ ಕಳೆಯಲು ಏನೋ ಮಾಡುತ್ತಿದ್ದಾರೆ, ಮಾಡಲಿ ಎಂದುಕೊಂಡೆ.

ಬುಧವಾರ ನಾನು ಸ್ಕೂಲಿನ ಮೈದಾನದಲ್ಲಿದ್ದೆ. ಡ್ರಿಲ್ಲಿನ ತೋರಿಕೆಯ ಭಾಗವೆಲ್ಲ ಅಲ್ಲಿಯೇ: ಅಗ್ನಿಶಾಮಕದ ಗಾಡಿ, ಸ್ಟ್ರೆಚರು, ಕೆಂಪು ಬಣ್ಣ ಬಳಿದುಕೊಂಡು ಗಾಯಾಳುಗಳಾಗಿ ಮಲಗಿದ ಕಾಲೇಜು ವಿದ್ಯಾರ್ಥಿನಿಯರು. ನನಗೆ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿ ಕೊರಳಿಗೆ ಒಂದು ಸೀಟಿ ಕಟ್ಟಿದ್ದರು. ಮೇಡಂ ಬಂದು ಇವನ್ನೆಲ್ಲ ನೋಡಿ ಹೋಗಲಿ, ಕ್ಯಾಂಟೀನಿನ ಕಡೆ ಮಾತ್ರ ಯಾರೂ ತಿರುಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ನಾಲ್ಕಕ್ಕೆ ಸೈರನ್ ಎದ್ದಿತು. ಇದು ನಾಟಕ ಎಂದು ಆದೇಶದ ಪ್ರತಿಯೇ ನನ್ನ ಕೈಯಲ್ಲಿತ್ತು, ಆದರೂ ಒಮ್ಮೆ ಆಕಾಶ ನೋಡಿದೆ. ರಸ್ತೆಯ ಆಟೋ, ಬಸ್ಸು ನಿಂತಲ್ಲೇ ನಿಂತವು. ಅಂಗಡಿಗಳ ಶಟರು ಧಡಧಡ ಇಳಿದವು.

ಮೇಡಮ್ಮಿನ ಗಾಡಿ ಇನ್ನೂ ಬಂದಿರಲಿಲ್ಲ. ನಾಲ್ಕೂ ಹತ್ತಕ್ಕೆ ಮಹಾದೇವಿಯ ಫೋನು.

"ಏನ್ರೀ, ಅಪ್ಪ ಮನಿಯಾಗ ಇಲ್ಲ. ಶೂನೂ ಇಲ್ಲ. ಗುಳಗಿ ಇಲ್ಲೇ ಬಿಟ್ಟು ಹೋಗ್ಯಾರ."

ಮೇ ತಿಂಗಳ ನಾಲ್ಕು ಗಂಟೆಯ ಬಿಸಿಲು, ಎದೆಯ ರೋಗಿ, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬಿದ್ದರೆ ಎತ್ತುವವರಿಲ್ಲ, ಏಕೆಂದರೆ ಕ್ಯಾಂಟೀನಿನ ಮಾತೇ ಏಳದಿರಲೆಂದು, ಯಾರೂ ಹೊರಗೆ ಬರಬಾರದೆಂಬ ಚೀಟಿಯನ್ನು ಮನೆಮನೆಗೆ ಹಂಚಿಸಿದವನು ನಾನೇ. ಮೈದಾನ ಬಿಟ್ಟು ಓಡಿದೆ. ಮೂಲೆಯಲ್ಲಿ ಒಬ್ಬ ಕಾನ್‌ಸ್ಟೇಬಲ್ ಕೈ ಅಡ್ಡ ಇಟ್ಟು, "ಲೋಪಲಿಕಿ ವೆಳ್ಳಂಡಿ ಸಾರ್," ಎಂದ. ಒಳಗೆ ಹೋಗಿ ಎಂದು ಅವನ ಮಾತು. ಅದೂ ನಮ್ಮ ಸೂಚನೆಯೇ. ಜಾಕೆಟ್ಟು ತೋರಿಸಿದೆ, ಸೀಟಿ ತೋರಿಸಿದೆ. ಕೊನೆಗೆ ನನ್ನ ಮುಖ ನೋಡಿ ಬಿಟ್ಟ. ಗುಡಿ ನೋಡಿದೆ, ಮಾವನವರು ದಿನಾ ಕೂರುವ ಚಹಾದಂಗಡಿಯ ಕಟ್ಟೆ ನೋಡಿದೆ, ಎರಡೂ ಖಾಲಿ. ಮೂರನೇ ಗಲ್ಲಿಯಲ್ಲಿ ಒಂದು ಕಿಟಕಿ ತೆರೆದು ಒಬ್ಬ ಹೆಂಗಸು ನನಗೆ ತೆಲುಗಿನಲ್ಲಿ ಕೂಗಿ ಹೇಳಿದರು: ನಿಮ್ಮ ಮಾವ ಬಂದು ನಮ್ಮತ್ತೆಯನ್ನೂ ಪಕ್ಕದ ಮನೆಯ ಯಾದಗಿರಿ ತಾತನನ್ನೂ ಕರೆದುಕೊಂಡು ಹೋದರಲ್ಲ, ಕಾರ್ಖಾನೆಯ ಕಡೆಗೆ.

ಆಗ ಹೊಳೆಯಿತು. ಅವರು ದಾರಿ ತಪ್ಪಿರಲಿಲ್ಲ, ನಾನು ಬರೆದ ದಾರಿಯಲ್ಲೇ ಹೋಗಿದ್ದರು. ಅಲ್ಲೇನಾದರೂ ಹೆಚ್ಚುಕಡಿಮೆಯಾದರೆ ಅವರನ್ನು ಕೊಂದವನು ನಾನು, ಅದಕ್ಕೆ ಸಾಕ್ಷಿಯೂ ನನ್ನದೇ ಸಹಿ. ಅಲ್ಲಿಂದ ಕಾರ್ಖಾನೆಯವರೆಗೆ ನಾನು ಹೇಗೆ ಓಡಿದೆನೋ ದೇವರಿಗೇ ಗೊತ್ತು.

ಗೇಟಿನ ಪಕ್ಕದ ಗೋಡೆಯ ಒಂದು ಗೇಣು ನೆರಳಿನಲ್ಲಿ ಏಳು ಜನ ಮುದುಕ ಮುದುಕಿಯರು ಸಾಲಾಗಿ ಕೂತಿದ್ದರು. ಮಾವನವರು ಮಾತ್ರ ಬಿಸಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಶರ್ಟು ಬೆವರಿನಿಂದ ಮೈಗೆ ಅಂಟಿತ್ತು, ತುಟಿ ಒಣಗಿತ್ತು. ನನಗೆ ಅಳು ಬಂತು. ಓಡಿ ಬಂದ ಏದುಸಿರಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

"ಬಂದ್ರಿ?" ಎಂದರು. "ಒಂಬತ್ತು ನಿಮಿಷಕ್ಕ ಮುಟ್ಟೀವಿ. ಆದ್ರ ಗೇಟಿಗೆ ಬೀಗ ಐತಿ. ನಿಮ್ಮ ಕಾಗದದಾಗ ಬೀಗದ ಮಾತು ಇಲ್ಲಲ್ರಿ."

"ಮಾಮಾ, ನೀವ್ಯಾಕ ಬಂದ್ರಿ?"

ಅವರು ಜೇಬಿನಿಂದ ಕಾಗದ ತೆಗೆದು ಬೆರಳಿಟ್ಟು ತೋರಿಸಿದರು. ಸ್ವಯಂಸೇವಕರ ಯಾದಿಯ ಐದನೇ ಹೆಸರು: ಶರಣಪ್ಪ, ಬಾಯ್ಲರ್ ವಿಭಾಗ. ಕರ್ತವ್ಯ: ಮೂರನೇ ಗಲ್ಲಿಯ ವೃದ್ಧರನ್ನು ಹತ್ತು ನಿಮಿಷದೊಳಗೆ ನೆಲಮಾಳಿಗೆಗೆ ಮುಟ್ಟಿಸುವುದು. ಎಪ್ಪತ್ತೊಂದರಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ ಅವರಿಗೆ ಒಪ್ಪಿಸಿದ ಕೆಲಸ. ವರ್ಷವರ್ಷವೂ ನಾನು ಆ ಹೆಸರನ್ನು ಟೈಪು ಮಾಡಿದ್ದೇನೆ. ಒಂದೇ ಸೂರಿನಡಿ ಉಂಡು ಮಲಗುವ ನನ್ನ ಮಾವನವರದೆಂದು ಒಮ್ಮೆಯೂ ನೋಡಿರಲಿಲ್ಲ.

"ಉಳಿದ ಹನ್ನೊಂದು ಮಂದಿ ತೀರಿಕೊಂಡಾರ. ನನ್ನ ಹೆಸರು ನೀವು ಇನ್ನೂ ಇಟ್ಟೀರಿ ಅಂತ ಭಾಳ ಸಂತೋಷ ಆತು," ಎಂದರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅಲ್ಲಿ ಬಾಯಿ ಬಿಡುವಂಥ ನೆಲಮಾಳಿಗೆಗೂ ಬೀಗವಿತ್ತು.

ಅಷ್ಟರಲ್ಲಿ ಜೀಪು ಬಂತು. ಜನ ಗೇಟಿನ ಹತ್ತಿರ ಸೇರಿದ್ದಾರೆಂದು ಯಾರೋ ವೈರ್‌ಲೆಸ್ಸಿನಲ್ಲಿ ಹೇಳಿದ್ದರಂತೆ. ಮೇಡಂ ಇಳಿದು ಯಾರಿವರು ಎಂದರು. ಮಾವನವರು ಕಾಗದ ಚಾಚಿ, ಸ್ವಚ್ಛ ತೆಲುಗಿನಲ್ಲಿ ಹೆಸರು, ಕರ್ತವ್ಯ, ಹೊರಟ ಹೊತ್ತು, ಮುಟ್ಟಿದ ಹೊತ್ತು ವರದಿ ಒಪ್ಪಿಸಿದರು. ಮೇಡಂ ಕಾಗದ ನೋಡಿದರು, ಮುದುಕರನ್ನು ನೋಡಿದರು, ಆಮೇಲೆ ಬೀಗ ನೋಡಿದರು. "ಬೀಗದ ಕೈ ಯಾರ ಹತ್ತಿರ ಇದೆ?" ಎಂದು ತೆಲುಗಿನಲ್ಲಿ ಕೇಳಿ ನನ್ನ ಕಡೆ ತಿರುಗಿದರು. ನಾನು ಸ್ಕೂಟರಿನ ಕೀಲಿಯಿದ್ದ ಜೇಬನ್ನು ತಡಕಿದೆ. ಇಪ್ಪತ್ತೆಂಟು ವರ್ಷ ಕಣ್ಣ ಮುಂದೆ ಬಂದವು.

"ಕೀಲಿ ನಮ್ಮ ಅಳಿಯಂದಿರ ಹತ್ರ ಐತ್ರಿ," ಎಂದರು ಮಾವನವರು, ಅದನ್ನೇ ಮತ್ತೆ ತೆಲುಗಿನಲ್ಲೂ ಹೇಳಿದರು. "ಇದು ಬರೇ ಡ್ರಿಲ್ ಅಂತ ತಗದಿಲ್ಲ."

ಮೇಡಂ ಮೆಚ್ಚಿದರು. ಇಡೀ ಸರ್ಕಲ್ಲಿನಲ್ಲಿ ಜನ ಗೊತ್ತುಮಾಡಿದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಿದ ವಾರ್ಡು ಇದೊಂದೇ ಎಂದು, ಏಳೂ ಮಂದಿಯನ್ನು ನಿಲ್ಲಿಸಿ ಫೋಟೊ ತೆಗೆಸಿದರು. ನನ್ನ ಯೋಜನೆಯನ್ನು ಮಾದರಿಯೆಂದು ಉಳಿದ ವಾರ್ಡುಗಳಿಗೆ ಕಳಿಸಲು ಹೇಳಿ ಹೊರಟರು. ಮರುದಿನ ಪಕ್ಕದ ವಾರ್ಡಿನ ಗುಮಾಸ್ತ ಫೋನು ಮಾಡಿ, ಅಣ್ಣಾ, ಈ ಕ್ಯಾಂಟೀನು ಎಲ್ಲಿ ಬರುತ್ತೆ, ನಾನೂ ಹಾಗೇ ಬರೆದು ಕಳಿಸಿಬಿಟ್ಟೆ ಎಂದ. ನನಗಿಂತ ನಿಷ್ಠಾವಂತ.

ಅದಕ್ಕೂ ಮೊದಲು, ಡ್ರಿಲ್ಲಿನ ಸಂಜೆಯೇ, ಮನೆಯಲ್ಲಿ ಮಾವನವರು ನೀರು ಕುಡಿದರು, ಗುಳಿಗೆ ನುಂಗಿದರು, ಶೂ ಮಾತ್ರ ಬಿಚ್ಚಲಿಲ್ಲ.

"ಇವತ್ತ ನಿಮ್ಮ ಸಲುವಾಗಿ ಸುಳ್ಳು ಹೇಳೀನಿ. ಇನ್ನ ಖರೇನ ಯುದ್ಧ ಬಂದ್ರ ಮಂದೀನ ಎಲ್ಲಿಗೆ ಒಯ್ಯಲಿ ಅನ್ನೋದು ಹೇಳ್ರಿ. ಶೂ ಬಿಚ್ಚತೀನಿ."

ಬಚ್ಚಲುಮನೆಯ ಬಾಗಿಲು ತೆರೆದೇ ಇತ್ತು. ನಾನು ಹೋಗಲಿಲ್ಲ. "ಗೊತ್ತಿಲ್ರಿ ಮಾಮಾ," ಎಂದೆ. ನೌಕರಿ ಸೇರಿದ ಮೇಲೆ ಯಾರದೂ ನಕಲಲ್ಲದ ನನ್ನ ಮೊದಲ ಮಾತು ಅದು.

ಆಮೇಲೆ ಮೇಡಮ್ಮಿಗೆ ನಿಜ ಹೇಳಿದೆ. ಅವರು, ಒಂದು ತಿಂಗಳು ಕೊಡುತ್ತೇನೆ, ಹೊಸದು ಬರೆಯಿರಿ ಎಂದರು. ದಿನಾ ಬಿಸಿಲೇರುವ ಮೊದಲು ಮಾವನವರೂ ನಾನೂ ಗಲ್ಲಿಗಲ್ಲಿ ಸುತ್ತಿದೆವು. ಫಂಕ್ಷನ್ ಹಾಲಿನ ನೆಲಮಾಳಿಗೆಗೆ ಇಳಿದು ಗಾಳಿ ನೋಡಿದೆವು, ಕೀಲಿ ಯಾರ ಹತ್ತಿರ, ಅವರು ಊರಲ್ಲಿಲ್ಲದಿದ್ದರೆ ಯಾರ ಹತ್ತಿರ ಎಂದು ಬರೆದುಕೊಂಡೆವು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ಕಣ್ಣು ಕಾಣದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಟಾಂಗಾಗಳಿಗೆ ಭಾರವಾದ ಮನಸ್ಸಿನಿಂದ ವಿದಾಯ ಹೇಳಿದೆ. ಬರೆದು ಮುಗಿಸಿ ಕರಡನ್ನು ಮಾವನವರಿಗೆ ಕೊಟ್ಟೆ. ಭೂತಗನ್ನಡಿ ಹಿಡಿದು ಎರಡು ದಿನ ಓದಿ, ಒಂದೇ ಒಂದು ಸೇರಿಸೀನಿ, ಟೈಪ್ ಮಾಡಸ್ರಿ ಎಂದು ಮರಳಿ ಕೊಟ್ಟರು.

ಟೈಪು ಮಾಡಿಸಿದೆ, ಮೇಡಂ ಸಹಿಯನ್ನೂ ಮಾಡಿದರು. ಓದಿದ ಮೇಲೆಯೇ ಮಾಡಿದರೆಂದು ತೋರುತ್ತದೆ, ಏಕೆಂದರೆ ಆ ಪುಟಕ್ಕೆ ಬಂದಾಗ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. 'ಸೈರನ್ ಕೂಗಿದಾಗ ಕೈ ಹಿಡಿದು ಕರೆದೊಯ್ಯಬೇಕಾದವರು' ಎಂಬ ಪಟ್ಟಿಯಲ್ಲಿ, ಕಣ್ಣು ಕಾಣದ ಇಬ್ಬರು ಅಜ್ಜಿಯರ ಕೆಳಗೆ, ಮೂರನೆಯ ಹೆಸರು ನನ್ನದು. ಹೊಣೆ: ಶರಣಪ್ಪ, ಬಾಯ್ಲರ್ ವಿಭಾಗ.