ಮೂರೇ ನಿಮಿಷದಲ್ಲಿ ಗೋಡೆ ಗಡಿಯಾರ ರಿಪೇರಿ

ಗಡಿಯಾರ ರಿಪೇರಿಯವನಿಗೆ ಆ ದಿನದ ಕಷ್ಟವೆಲ್ಲ ಬಂದದ್ದು ಅವನ ಒಳ್ಳೆಯತನದಿಂದಲೇ. ಎಂಟು ದಿನದಿಂದ ಅವನ ಅಂಗಡಿಯ ಮೆಟ್ಟಿಲನ್ನು ಯಾರೂ ಹತ್ತಿರಲಿಲ್ಲ. ಹೀಗೇ ಆದರೆ ಬಾಗಿಲು ಹಾಕಿ ಇನ್ನೊಬ್ಬರ ಕೈಕೆಳಗೆ ದುಡಿಯಬೇಕಲ್ಲ ಎಂಬ ಕೊರಗಿನಲ್ಲಿ ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದ.

"ಭಾವ, ಈಗಿನ ಗಿರಾಕಿಗಳು ಬೀದೀಲಿರಲ್ಲ, ಫೋನಲ್ಲಿರ್ತಾರೆ. ಒಂದು ವಿಡಿಯೋ ಹಾಕೋಣ," ಎಂದು ಹೆಂಡತಿಯ ತಂಗಿ ಬೆಳಿಗ್ಗೆಯೇ ಫೋನು ಹಿಡಿದು ನಿಂತಳು. "ನಿಮ್ಮ ಕೈಚಳಕ ನೋಡಿದ್ರೆ ಓಡಿ ಬರ್ತಾರೆ."

"ಸುಮ್ನೆ ತೋರ್ಸಿದ್ರೆ ಸಾಲ್ದು ಕಣಯ್ಯ, ಬಿಡಿಸಿ ಬಿಡಿಸಿ ಹೇಳು," ಎಂದ ಪಕ್ಕದಂಗಡಿಯ ದರ್ಜಿ. ಅವನನ್ನು ಯಾರೂ ಕೇಳಿರಲಿಲ್ಲ.

ನಮ್ಮವನಿಗೋ ಅರೆಬರೆ ಕೆಲಸ ಗೊತ್ತಿಲ್ಲ. ಯಾವ ತಿರುಪು ಮೊದಲು, ಯಾವ ಕಡೆಗೆ ತಿರುಗಿಸಬೇಕು, ತುಕ್ಕು ಎಲ್ಲಿ ಅಡಗಿ ಕೂತಿರುತ್ತದೆ, ಎಣ್ಣೆ ಎಷ್ಟು ಹನಿ ಎಂದು ಒಂದನ್ನೂ ಮುಚ್ಚಿಡದೆ ಹೇಳಿದ. ಕೊನೆಗೆ ವಿನಯದಿಂದ, "ಇಷ್ಟೇ ನೋಡಿ, ಏನೂ ಕಷ್ಟ ಇಲ್ಲ," ಎಂದೂ ಸೇರಿಸಿದ.

ಮಧ್ಯಾಹ್ನದ ಹೊತ್ತಿಗೆ ನೋಡಿದವರು ಹದಿನಾಲ್ಕು ಸಾವಿರ. ದರ್ಜಿ ಅಂಗಿ ಹೊಲಿಯುವುದು ಬಿಟ್ಟು ಲೆಕ್ಕ ಕೂಗುತ್ತಿದ್ದ. ಅಂಗಡಿಗೆ ಮಾತ್ರ ನೊಣವೂ ಬರಲಿಲ್ಲ. 'ಗುರುಗಳೇ, ನಮ್ಮನೆ ಗಡಿಯಾರ ನಾನೇ ಬಿಚ್ಚಿದೆ, ಧನ್ಯವಾದ' ಎಂದು ಒಬ್ಬ ಬರೆದಿದ್ದ. ಅದರ ಕೆಳಗೆ ಅಂಥವೇ ನಲವತ್ತು.

"ಎಲ್ಲಾ ಅವರೇ ಮಾಡ್ಕೊಂಡ್ರೆ ನಾನೇನಮ್ಮ ಮಾಡ್ಲಿ?"

"ಹೆಸರು ಬಂತಲ್ಲ ಭಾವ!"

"ಹೆಸರು ಹಾಕಿ ಒಲೆ ಉರಿಸೋಕಾಗುತ್ತಾ?"

ಮೂರು ಗಂಟೆಗೆ ನಿವೃತ್ತ ಮೇಷ್ಟರೊಬ್ಬರು ದಿಂಬಿನ ಚೀಲದಲ್ಲಿ ಗಡಿಯಾರ ತುಂಬಿಕೊಂಡು ಬಂದರು. ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. "ನೀವು ಹೇಳ್ದಂಗೇ ಮಾಡ್ದೆ. ಎರಡು ಚಕ್ರ ಮಿಕ್ಕಿದ್ವು, ಬೇಡದ್ದೇನೋ ಅಂತ ಬಿಸಾಕಿದೆ." ಹಿಂದೆಯೇ ಬಂದ ನರ್ಸಮ್ಮನ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಐದು ಗಂಟೆಗೆ ಸಾಲು ದರ್ಜಿಯ ಬಾಗಿಲು ದಾಟಿತು. ರಿಪೇರಿಯವನಿಗೆ ಹೋದ ಜೀವ ಬಂದಂತಾಯಿತು.

ಕೂಲಿ ಎಷ್ಟೆಂದು ಹೇಳುವವರೆಗೆ ಮಾತ್ರ.

"ದುಡ್ಡಾ?" ನರ್ಸಮ್ಮ ಸೊಂಟಕ್ಕೆ ಕೈಯಿಟ್ಟಳು. "ಏನೂ ಕಷ್ಟ ಇಲ್ಲ ಅಂದಿದ್ದು ಯಾರು? ನಿಮ್ಮ ಮಾತು ಕೇಳಿ ಕೆಟ್ಟಿದ್ದು, ನೀವೇ ಸರಿ ಮಾಡ್ಕೊಡಿ!"

ಸಾಲಿಗೆ ಸಾಲೇ ಹೌದೆಂದಿತು. ಬಿಸಾಕಿದ ಚಕ್ರಗಳನ್ನು ಎಲ್ಲಿಂದ ತರಲಿ ಎಂದು ಅವನು ಕೈಮುಗಿದು ಕೇಳಿದ. ಜನ ಗೊಣಗುತ್ತ ಬೀದಿಯ ತುದಿಯ ದೊಡ್ಡ ಅಂಗಡಿಗೆ ನಡೆದರು. ಅಲ್ಲಿ ಕೇಳಿದಷ್ಟು ಕೊಟ್ಟರು, ತುಟಿಪಿಟಕ್ಕೆನ್ನದೆ.

ದೀಪ ಹಚ್ಚುವ ಹೊತ್ತಿಗೆ ದೊಡ್ಡ ಅಂಗಡಿಯ ಯಜಮಾನನೇ ಬಂದು ಸ್ಟೂಲೆಳೆದು ಕೂತ. "ಒಂದೇ ಸಂಜೇಲಿ ಅರವತ್ತು ಗಡಿಯಾರ ಬಂದಿವೆ. ನಾಳೆಯಿಂದ ನಮ್ಮಲ್ಲಿಗೇ ಬಂದ್ಬಿಡಿ. ತಿಂಗಳ ಸಂಬಳ."

ರಿಪೇರಿಯವನಿಗೆ ಅಳು ಬಂತು. ಆದರೆ ಒಲ್ಲೆ ಎನ್ನುವುದಕ್ಕೂ ಮೈಯಲ್ಲಿ ತ್ರಾಣ ಉಳಿದಿರಲಿಲ್ಲ.

"ಆಯ್ತು. ಆ ಅರವತ್ತೂ ನಾನೇ ಸರಿ ಮಾಡ್ತೀನಿ."

"ಅಯ್ಯಯ್ಯೋ, ನೀವು ಗಡಿಯಾರ ಮುಟ್ಲೇಬೇಡಿ!" ಎಂದ ಯಜಮಾನ. "ರಿಪೇರಿಗೆ ನಮ್ಮಲ್ಲಿ ಜನ ಇದ್ದಾರೆ. ನೀವು ದಿನಕ್ಕೊಂದು ವಿಡಿಯೋ ಮಾಡ್ತಾ ಇರಿ, ಸಾಕು."