ಕತ್ತರಿ ಅಳಿಸಿದ ಕಂಬಳಿ

ಮಗುವಿನ ಕಂಬಳಿಯ ಮೇಲಿನ ಒಂದಕ್ಕೊಂದು ಅಡ್ಡಬಿದ್ದ ಆ ಎರಡು ಸುಣ್ಣದ ಗೀಟುಗಳನ್ನು ಅಳಿಸಿಯೇ ತೀರುವೆನೆಂದು ಯಮುನಾ ಪಣ ತೊಟ್ಟಳು. ದಾವಣಗೆರೆಯ ಹೈಸ್ಕೂಲಿನಲ್ಲಿ ಓದಿದವಳು! ಅಲ್ಲಿ ಆ ಗುರುತು ಬಿದ್ದರೆ ಉತ್ತರ ತಪ್ಪೆಂದು ಅರ್ಥ. ಅವಳ ಚೊಚ್ಚಲ ಮಗ ತಪ್ಪು ಉತ್ತರವೇ?

"ತಪ್ಪಲ್ಲ ಕಣೇ, ಕತ್ತರಿ," ಎಂದರು ಅತ್ತೆ ಗುಡ್ಡಮ್ಮ. "ಮಾಡಿನ ಮರ ನೋಡು, ಕತ್ತರಿ. ಗಾಡಿ ಮೂಕಿ ನೆಲಕ್ಕೆ ತಾಗದಂಗೆ ಆನಿಸೋ ಜೋಡಿಗೋಲು, ಕತ್ತರಿ. ಒಂದಕ್ಕೊಂದು ಅಡ್ಡ ಬಿದ್ದು ಹಿಡ್ಕಂಡ್ರೆ ಎಲ್ಲಾ ಕತ್ತರೀನೇ. ನಮ್ಮನೇದು ಅನ್ನೋ ಗುರುತಿಗೆ ಕುರಿಗೂ ಅದೇ, ಕೂಸಿಗೂ ಅದೇ."

"ನಯಾಪೈಸೆ ಬಂದ ಕಾಲದಲ್ಲೂ ಇದೇನತ್ತೆ!"

ಅತ್ತೆ ಕುರಿಹಟ್ಟಿಗೆ ಹೋದದ್ದೇ ತಡ, ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ಗೆದ್ದೆ!

ಮರುದಿನ ಶಿರಾಳಕೊಪ್ಪದ ಸಂತೆ. ಗಾಡಿಯಲ್ಲಿ ಎರಡು ಕಂಬಳಿ ಗಂಟು: ಒಂದರಲ್ಲಿ ನಿದ್ದೆ ಹೋದ ಮಗ, ಇನ್ನೊಂದರಲ್ಲಿ ಮಾರಲು ತಂದ ತಬ್ಬಲಿ ಕುರಿಮರಿ. ಕಾವಲಿಗೆ ಗಂಡ ಚಿಕ್ಕಬೀರಪ್ಪ; ಮರಿಗೆ ಗಿರಾಕಿ ಹುಡುಕೋದು ಗುಡ್ಡಮ್ಮನ ಕೆಲಸ. ಯಮುನಾ ಮಗುವಿಗೆ ಬಜೆ ಕೊಂಡು ಬಂದು, ಗಾಡಿಯಲ್ಲಿ ಉಳಿದಿದ್ದ ಒಂದೇ ಗಂಟು ಎತ್ತಿದಳು.

"ಮ್ಯಾ!"

"ಏನ್ರೀ! ಮಗು ಎಲ್ರೀ?"

ತೂಕಡಿಸುತ್ತಿದ್ದ ಚಿಕ್ಕಬೀರಪ್ಪ ಕಣ್ಣುಜ್ಜಿಕೊಂಡ. "ಕೈಯಾಗೇ ಐತಲ್ಲೇ..."

"ಇದಕ್ಕೆ ಬಾಲ ಇದೆ ಕಣ್ರೀ!"

ಕೂಗು ಕೇಳಿ ಓಡಿಬಂದ ಗುಡ್ಡಮ್ಮ ಗಂಟು ಬಿಚ್ಚಿ ನೋಡಿದರು. "ಮಾರಿದ ಮೇಲೆ ಕತ್ತರಿ ಅಳ್ಸೋದು ನಮ್ ಪದ್ಧತಿ. ಮರಿ ಗಂಟಿಂದು ಅಳ್ಸಿ, 'ಕತ್ತರಿ ಇಲ್ಲದ ಗಂಟು ನಿಂದು' ಅಂತ ಮರಿ ಕೊಂಡ ಕುಬಟೂರು ಉಜ್ಜಪ್ಪಂಗೆ ಹೇಳಿದ್ದೆ. ಕೂಸಿಂದು ಯಾರೇ ಅಳ್ಸಿದ್ದು?"

ಅಂದರೆ, ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ, ಯಮುನಾ ಹೆತ್ತ ಮಗನನ್ನೇ ಮಾರಿದ್ದಳು! ಕುರಿಮರಿಯನ್ನು ಕಂಕುಳಲ್ಲಿ ಅವುಚಿಕೊಂಡು, ಅಳುತ್ತ ಕುಬಟೂರಿನ ರಸ್ತೆ ಹಿಡಿದು ಓಡಿದಳು. ಎದುರಿಗೆ ಉಜ್ಜಪ್ಪನೇ, ಕೆಂಡದ ಮಡಕೆ ಹಿಡಿದವನಂತೆ ಗಂಟನ್ನು ದೂರ ಚಾಚಿಕೊಂಡು ಬರುತ್ತಿದ್ದ.

"ತಗಳವ್ವಾ ತಾಯೀ! ಮರಿ ಏನು ಗಟ್ಟಿಮುಟ್ಟಾಗಿದೆ ಅಂತ ಹಿಗ್ಗಿದ್ದೆ. ಎದ್ದು ಮೀಸೆ ಹಿಡ್ಕಂತು!"

ಮನೆಗೆ ಬಂದ ಮೇಲೆ ಯಮುನಾ ಮಗುವನ್ನು ಅಪ್ಪಿಕೊಂಡೇ ತಲೆಯೆತ್ತಿ ನೋಡಿದಳು. ಎರಡು ಮರ ಅಡ್ಡಬಿದ್ದು ಅಷ್ಟು ದೊಡ್ಡ ಮಾಡನ್ನೇ ಹೊತ್ತು ನಿಂತಿದ್ದವು! ಇಷ್ಟು ದಿನ ಅದರ ಕೆಳಗೇ ಮಲಗಿದ್ದರೂ ಕಂಡಿರಲಿಲ್ಲ. ಎರಡೇ ಗೀಟು, ಎಂಥ ಹಿಡಿತ! ಸುಣ್ಣದ ಡಬ್ಬಿ ತಂದು ಕಂಬಳಿಯ ಮೇಲೆ ಗೇಣುದ್ದದ ಕತ್ತರಿ ಎಳೆದಳು. ಸಮಾಧಾನವಾಗದೆ ಗಂಡನ ರುಮಾಲಿಗೂ ಎಳೆದಳು.

"ನಂಗ್ಯಾಕೇ?"

"ಸಂತೇಲಿ ನಿದ್ದೆ ಮಾಡೋರು ನೀವೇ ಅಲ್ವೇನ್ರೀ! ಯಾರಾದ್ರೂ ಎತ್ಕೊಂಡು ಹೋದ್ರೆ?"

"ಅವನನ್ನ ಯಾರು ಒಯ್ತಾರೆ, ಬಿಡು," ಎಂದು ಗುಡ್ಡಮ್ಮ ಡಬ್ಬಿ ಕಿತ್ತುಕೊಂಡರು. "ಬೆನ್ನು ತಿರುಗ್ಸು. ನೀನು ಈ ಮನೆಗೆ ಬಂದ ದಿನಾನೇ ಹಾಕ್ಬೇಕಿತ್ತು, ಮರ್ತಿದ್ದೆ."

ಹೈಸ್ಕೂಲು ಓದಿದ ಯಮುನಾ ಸೆರಗು ಸರಿಸಿ ಬೆನ್ನು ತಿರುಗಿಸಿದಳು.